ಹನ್ನೊಂದೂವರೆ ಎಕರೆ ತೋಟ, ಮೂರು ಥರದ ಕಾಗದ, ಯುರೋಪಿನ ಒಂದು ಕಾನೂನು: ಹಾಸನ ಮಲೆನಾಡಿನ ಒಂದು ಪ್ರಕರಣ

2024ರ ಅಕ್ಟೋಬರ್ ಕೊನೇಲಿ, ರೋಬಸ್ಟಾ ಕುಯ್ಲಿಗೆ ಇನ್ನೂ ಎರಡು ತಿಂಗಳು ಇರುವಾಗ, ನಮ್ಮ ಪಕ್ಕದ ತೋಟದ ಅಣ್ಣತಮ್ಮಂದಿರಿಗೆ ಅವರ ಕಾಫಿ ತಗೊಳ್ಳೋ ವ್ಯಾಪಾರಿ ಒಂದು ವಾಟ್ಸಾಪ್ ಮೆಸೇಜ್ ಕಳಿಸಿದ್ರು. ಪಹಣಿ ಬೇಕು, ಆಧಾರ್ ಬೇಕು, ತೋಟದ ಸುತ್ತ ಮೊಬೈಲ್ ಹಿಡ್ಕೊಂಡು ನಡೆದು ಪಾಲಿಗನ್ ಮಾಡಿ ಕಳಿಸ್ಬೇಕು, ಇಲ್ಲಾಂದ್ರೆ ಮುಂದೆ ನಿಮ್ಮ ಮಾಲು ಯುರೋಪಿಗೆ ಹೋಗಲ್ಲ ಅಂತ. ಪಾಲಿಗನ್ ಅಂದ್ರೆ ನಕ್ಷೆ ಮೇಲೆ ತೋಟದ ಗಡಿ ಗೆರೆ, ಅದು ಇಬ್ಬರಿಗೂ ಗೊತ್ತಿರ್ಲಿಲ್ಲ, ನನ್ನ ಕರೆಸಿದ್ರು. ಊರಲ್ಲಿ ಪಹಣಿ ತೆಗೆಯೋದು, ಬೆಳೆ ವಿಮೆ ತುಂಬೋದು, ಇಂಥ ಮೊಬೈಲ್ ಕೆಲಸಕ್ಕೆಲ್ಲಾ ನಾನೇ ಹೋಗೋದು. ಅವತ್ತಿಂದ 2026ರ ಜನವರಿವರೆಗೆ ಈ ಮನೇಲಿ ಏನೇನಾಯ್ತೋ ಅದನ್ನ ಹತ್ತಿರದಿಂದ ನೋಡಿದೀನಿ, ಅದಕ್ಕೇ ಪೂರ್ತಿ ಬರೀತಾ ಇದೀನಿ. ಮನೆಯವರ ಹೆಸರು, ಊರಿನ ಹೆಸರು ಹಾಕಲ್ಲ, ಅವರೇ ಬೇಡ ಅಂದಿದಾರೆ.

ಅಣ್ಣನಿಗೆ ಅರವತ್ತೆಂಟು ವರ್ಷ, ನಾನು ದೊಡ್ಡಪ್ಪ ಅಂತ ಕರೆಯೋದು. ತಮ್ಮನಿಗೆ ಐವತ್ತೊಂಬತ್ತು, ಚಿಕ್ಕಪ್ಪ. ರಕ್ತ ಸಂಬಂಧ ಏನಿಲ್ಲ, ಊರಲ್ಲಿ ಹಂಗೇ ಕರೆದು ಅಭ್ಯಾಸ. ಇಬ್ಬರ ಒಲೆ ಬೇರೆ ಆದ್ರೂ ತೋಟ ಇನ್ನೂ ಒಟ್ಟಿಗೇ ಇದೆ, ಕಣ ಒಂದೇ, ಲೆಕ್ಕದ ಪುಸ್ತಕಾನೂ ಒಂದೇ. ಒಟ್ಟು 11 ಎಕರೆ 20 ಗುಂಟೆ. ನೋಡೋಕೆ ಒಂದೇ ತೋಟ, ಮಧ್ಯೆ ಬೇಲಿ ಇಲ್ಲ, ಮೇಲೆ ಹಲಸು, ನಂದಿ, ಬೈನೆ, ಸಿಲ್ವರ್, ಕೆಳಗೆ ರೋಬಸ್ಟಾ, ಮರಕ್ಕೆಲ್ಲಾ ಮೆಣಸಿನ ಬಳ್ಳಿ. ಆದ್ರೆ ಕಾಗದದಲ್ಲಿ ಅದು ಮೂರು. 7 ಎಕರೆ 10 ಗುಂಟೆ ಪಿತ್ರಾರ್ಜಿತ ಹಿಡುವಳಿ, ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇತ್ತು, ಮಕ್ಕಳ ಹೆಸರಿಗೆ ಪೌತಿ ಖಾತೆ ಮಾಡಿಸಿರ್ಲಿಲ್ಲ. 3 ಎಕರೆ ಅಪ್ಪನಿಗೆ ದರಖಾಸ್ತಿನಲ್ಲಿ, ಅಂದ್ರೆ ಅರ್ಜಿ ಹಾಕಿ ಸರ್ಕಾರದಿಂದ ಮಂಜೂರಾಗಿದ್ದು, ಸಾಗುವಳಿ ಚೀಟಿ ಇದೆ, ಪೋಡಿ (ಅಳೆದು ಬೇರೆ ನಂಬರ್ ಕೊಡೋದು) ಆಗಿಲ್ಲ. ಉಳಿದ 1 ಎಕರೆ 10 ಗುಂಟೆ ಸರ್ಕಾರಿ ಜಾಗ, ಎರಡು ತಲೆಮಾರಿನಿಂದ ಇವರೇ ಮಾಡ್ಕೊಂಡು ಬಂದಿದಾರೆ, ಅದನ್ನ ಸಕ್ರಮ ಮಾಡ್ಕೊಡಿ ಅಂತ ಫಾರಂ 57ರಲ್ಲಿ ಅರ್ಜಿ ಹಾಕಿ ಕೂತಿದಾರೆ. ಮಲೆನಾಡಲ್ಲಿ ಯಾವ ಸಣ್ಣ ಬೆಳೆಗಾರನ ಮನೆಗೆ ಹೋದ್ರೂ ಟ್ರಂಕಿನಲ್ಲಿ ಹೆಚ್ಚುಕಮ್ಮಿ ಇದೇ ಮೂರು ಕಟ್ಟು ಸಿಗುತ್ತೆ.

ಈಗ ಕಾನೂನಿನ ವಿಷಯ. ಯುರೋಪಿಯನ್ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆ ನಿಯಮ ಅಂತ ಒಂದನ್ನ ತಂತು, ಇಯುಡಿಆರ್ ಅಂತ ಕರೀತಾರೆ. ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆ, ಮರ, ದನ, ಈ ಏಳು ಪದಾರ್ಥಕ್ಕೆ ಮತ್ತು ಇವುಗಳಿಂದ ಮಾಡಿದ ಮಾಲಿಗೆ ಅನ್ವಯ ಆಗುತ್ತೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಾಗದಲ್ಲಿ ಬೆಳೆದಿದ್ದನ್ನ ಅವರ ಮಾರುಕಟ್ಟೆಲಿ ಮಾರೋ ಹಂಗಿಲ್ಲ. ಬೆಳೆದ ಜಾಗದ ಅಕ್ಷಾಂಶ ರೇಖಾಂಶ ದಶಾಂಶದ ನಂತರ ಆರು ಅಂಕಿವರೆಗೆ ಕೊಡ್ಬೇಕು, 4 ಹೆಕ್ಟೇರಿಗಿಂತ ದೊಡ್ಡ ಜಾಗ ಆದ್ರೆ ಬರೀ ಒಂದು ಚುಕ್ಕೆ ಸಾಲಲ್ಲ, ಗಡಿ ಪೂರ್ತಿ ಕೊಡ್ಬೇಕು. 4 ಹೆಕ್ಟೇರ್ ಅಂದ್ರೆ ನಮ್ಮ ಲೆಕ್ಕದಲ್ಲಿ 9 ಎಕರೆ 35 ಗುಂಟೆ ಹತ್ತತ್ರ. ತಪ್ಪು ಮಾಡಿದ್ರೆ ದಂಡ ಬೀಳೋದು ಅಲ್ಲಿನ ಕಂಪನಿಗೆ, ಆದ್ರೆ ಕಂಪನಿ ರಫ್ತುದಾರನ ಕತ್ತು ಹಿಡಿಯುತ್ತೆ, ಅವನು ಕಾಫಿ ಸಿಪ್ಪೆ ತೆಗೆದು ಹದ ಮಾಡೋ ಕ್ಯೂರಿಂಗ್ ವರ್ಕ್ಸ್‌ನವರನ್ನ ಕೇಳ್ತಾನೆ, ಅವರು ವ್ಯಾಪಾರೀನ ಕೇಳ್ತಾರೆ, ಕೊನೆಗೆ ಚಿಕ್ಕಪ್ಪನ ವಾಟ್ಸಾಪಿಗೆ ಮೆಸೇಜ್ ಬರುತ್ತೆ. ಭಾರತದ ಕಾಫಿಲಿ ಬಹುಪಾಲು ಹೊರಗೆ ಹೋಗುತ್ತೆ, ಅದರಲ್ಲೂ ಇಟಲಿನೇ ದೊಡ್ಡ ಗಿರಾಕಿ, ಜರ್ಮನಿ, ಬೆಲ್ಜಿಯಂ ಎಲ್ಲಾ ಆಮೇಲೆ. ಹಂಗಾಗಿ ಯುರೋಪಿಗೆ ಕೊಡಲ್ಲ ಅಂತ ಸೆಟೆದು ನಿಲ್ಲೋದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ.

ದೊಡ್ಡಪ್ಪ ಮೆಸೇಜ್ ಓದಿಸಿ ಕೇಳಿದ್ರು, ಅರ್ಧಕ್ಕೇ ಸಿಟ್ಟು ಬಂತು. "ನಂ ಜಾಗ ಎಲ್ಲಿಂದ ಎಲ್ಲಿಗಂಟ ಐತೆ ಅಂತ ಬರ್ಕೊಡೋಕೆ ಅವನ್ಯಾರ್ಲಾ? ಹಿಂದೆ ಚೈನ್ ಎಳ್ಕಂಡ್ ಬಂದು ಅಳೀತಿದ್ರು, ಕೊನೆಪಕ್ಷ ಮುಖ ಕಾಣ್ತಿತ್ತು. ಇವ್ರು ಮ್ಯಾಲಿಂದಾನೇ ಅಳೀತಾರಂತಾ? ಸ್ವಾತಂತ್ರ್ಯ ಬಂದು ಏನಾಯ್ತು ಹಂಗಾರೆ?" ಅಂದ್ರು. ಚಿಕ್ಕಪ್ಪ ಮೆತ್ತಗೆ, "ಅಣ್ಣಾ, ಕೊಳ್ಳೋನು ಅವನು, ಕೇಳ್ತಾನಪ್ಪ, ಕೊಡೋಣ ಬಿಡು" ಅಂದ್ರು. ಅಲ್ಲಿಂದ ಶುರುವಾಗಿದ್ದು ಇಬ್ಬರ ಮಧ್ಯೆ ಮಾತೇ ನಿಲ್ಲೋವರೆಗೂ ಹೋಯ್ತು.

ದೊಡ್ಡಪ್ಪನ ಸಿಟ್ಟು ಅರ್ಥ ಆಗ್ಬೇಕಾದ್ರೆ ಹಿಂದಿನ ಪೂಲ್ ಕಾಲ ಗೊತ್ತಿರ್ಬೇಕು. 1942ರ ಕಾಫಿ ಕಾಯ್ದೆ ಪ್ರಕಾರ ಬೆಳೆಗಾರ ಮನೆ ಖರ್ಚಿಗೆ, ಬೀಜಕ್ಕೆ ಅಂತ ಇಟ್ಕೊಂಡು ಉಳಿದಿದ್ದನ್ನೆಲ್ಲಾ ಕಾಫಿ ಬೋರ್ಡಿನ ಪೂಲಿಗೆ ಹಾಕ್ಬೇಕಿತ್ತು. ಹೊರಗೆ ಮಾರಿದ್ರೆ ಅಪರಾಧ. ದುಡ್ಡು ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಬರ್ತಿತ್ತು, ಈ ವರ್ಷ ಹಾಕಿದ ಕಾಫಿಯ ಕೊನೇ ಕಂತು ಯಾವಾಗ ಬರುತ್ತೋ ದೇವರಿಗೇ ಗೊತ್ತು ಅನ್ನೋ ಹಂಗೆ. ಆದ್ರೆ ಒಂದಿತ್ತು, ಬೆಳೆಗಾರನಿಗೂ ಜಗತ್ತಿಗೂ ಮಧ್ಯೆ ದೇಶ ನಿಂತಿತ್ತು. ಸೋವಿಯತ್ ಒಕ್ಕೂಟಕ್ಕೆ ಎಷ್ಟು ಕೊಡ್ಬೇಕು, ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾದಲ್ಲಿ ಎಷ್ಟು ಕಳಿಸ್ಬೇಕು, ಅದೆಲ್ಲಾ ಬೆಂಗಳೂರು ದೆಹಲಿಲಿ ತೀರ್ಮಾನ ಆಗೋದು, ದೊಡ್ಡಪ್ಪನ ಅಪ್ಪ ಕಾಫಿ ಹಾಕಿ ರಸೀದಿ ಇಸ್ಕೊಂಡು ಬರೋರು. 1989ರ ಜುಲೈಲಿ ಆ ಕೋಟಾ ವ್ಯವಸ್ಥೆ ಬಿದ್ದುಹೋಯ್ತು, 1991ರಲ್ಲಿ ಸೋವಿಯತ್ ಒಕ್ಕೂಟಾನೇ ಇಲ್ಲದಂಗಾಯ್ತು, ಬೆಳೆಗಾರರೂ ನಮ್ಮ ಕಾಫಿ ನಾವೇ ಮಾರ್ಕೋತೀವಿ ಅಂತ ಹೋರಾಟ ಮಾಡಿದ್ರು, 1992ರಿಂದ 96ರ ಒಳಗೆ ಹಂತಹಂತವಾಗಿ ಪೂಲ್ ಹೋಯ್ತು. ಆ ಹೋರಾಟದಲ್ಲಿ ದೊಡ್ಡಪ್ಪನೂ ಲಾರಿ ಹತ್ತಿ ಹೋಗಿದ್ರಂತೆ. ಸ್ವಾತಂತ್ರ್ಯ ಅನ್ನೋ ಪದ ಅವರು ಸುಮ್ನೆ ಬಳಸಲ್ಲ. ಅವರ ಪ್ರಕಾರ ಒಂದ್ಸಲ ಕಾಫಿ ಮೇಲೆ ಸ್ವಂತ ಹಕ್ಕು ಸಿಕ್ಕಿತ್ತು, ಈಗ ಅದನ್ನ ಇನ್ಯಾರೋ ಕಾಣದ ಊರಿನವರು ಬಂದು ಕಿತ್ಕೊಳ್ತಾ ಇದಾರೆ.

ನನಗೆ ಅವರ ಮಾತು ಪೂರ್ತಿ ತಪ್ಪು ಅಂತ ಅನ್ಸಲ್ಲ. ಯುರೋಪಿನವರು ತಮ್ಮ ಕಾಡನ್ನ ನೂರಾರು ವರ್ಷದ ಹಿಂದೇನೇ ಕಡಿದು ಹೊಲ ಮಾಡ್ಕೊಂಡಿದಾರೆ, ಈಗ 2020 ಅಂತ ಗೆರೆ ಎಳೆದು ಅದರಿಂದ ಈಚೆಗೆ ಮಾತ್ರ ಲೆಕ್ಕ ಅಂತಾರೆ. ಗೆರೆ ಎಳೆಯುವಾಗ ನಮ್ಮನ್ನ ಯಾರೂ ಕೇಳಲಿಲ್ಲ. ಬ್ರೆಜಿಲ್, ಇಂಡೋನೇಷ್ಯಾ ಇದನ್ನ ಬಹಿರಂಗವಾಗೇ ವಿರೋಧಿಸಿವೆ, ಭಾರತ ಸರ್ಕಾರಾನೂ ಇಂಥ ನಿಯಮ ಅನ್ಯಾಯ ಅಂತ ಹೇಳ್ಕೊಂಡೇ ಬಂದಿದೆ. ಒಂದು ದೇಶದ ಸಂಸತ್ತು ಮಾಡದ ಕಾನೂನು ಆ ದೇಶದ ರೈತನ ಬೇಲಿವರೆಗೆ ಬರೋದು ಸಣ್ಣ ವಿಷಯ ಅಲ್ಲ. ಅದನ್ನ ಬರೀ ವ್ಯಾಪಾರದ ಷರತ್ತು ಅಂತ ತಳ್ಳಿಹಾಕೋರ ಜೊತೆ ನಾನಿಲ್ಲ.

ಆದ್ರೂ ಪಾಲಿಗನ್ ಮಾಡ್ಲೇಬೇಕಿತ್ತು, ಚಿಕ್ಕಪ್ಪನ ಜೊತೆ ನಾನು ಗಡಿ ಸುತ್ತೋಕೆ ಹೋದೆ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದ್ವಿ, ಮಧ್ಯಾಹ್ನ ಎರಡಾದ್ರೂ ಮುಗೀಲಿಲ್ಲ. ಮರದ ನೆರಳು ದಟ್ಟ ಇರೋ ಕಡೆ ಮೊಬೈಲಿನ ಚುಕ್ಕೆ ನಿಂತಲ್ಲೇ ಹತ್ತು ಹದಿನೈದು ಅಡಿ ಆಚೀಚೆ ಕುಣಿಯುತ್ತೆ, ಕೆಳಗಿನ ಹಳ್ಳದ ಹತ್ರ ನೆಟ್‌ವರ್ಕೇ ಇಲ್ಲ, ಒಂದು ಕಡೆ ಹಿಂದಿನ ರಾತ್ರಿ ಆನೆ ಬಂದು ಹೋಗಿತ್ತು, ಲದ್ದಿ ಇನ್ನೂ ಹಸಿಯಾಗಿತ್ತು, ಅಲ್ಲಿ ಸುಮ್ನೆ ಬೇಗ ಬೇಗ ದಾಟಿದ್ವಿ. ಕೊನೆಗೆ ಬಂದ ಚಿತ್ರ ನೋಡಿದ್ರೆ ಪೂರ್ವದ ಮೂಲೆ ಪಕ್ಕದವರ ತೋಟದೊಳಗೆ ಹೋಗಿ ಕೂತಿದೆ. ಪಕ್ಕದವರು ಆಗಲೇ ಅವರದ್ದು ಮಾಡಿ ಕಳಿಸಿದ್ರು, ಅವರದ್ದು ಇವರ ತೋಟದೊಳಗೆ ಬಂದಿತ್ತು. ಇಬ್ಬರೂ ಅದೇ ವ್ಯಾಪಾರಿಗೆ ಕೊಡೋದು. ಮೂವತ್ತು ವರ್ಷದಿಂದ ಒಂದು ಬೈನೆ ಮರ ನೋಡ್ಕೊಂಡು ಗಡಿ ಜಗಳ ಇಲ್ಲದೆ ಬದುಕಿದ ಎರಡು ಮನೆ ಮಧ್ಯೆ ಒಂದು ಆ್ಯಪ್ ಐದಾರು ಗುಂಟೆ ಜಗಳ ತಂದಿಡ್ತು.

ಇನ್ನೊಂದು ತಲೆನೋವು ಇತ್ತು, ಅದು ನೆರಳಿಂದು. ಯುರೋಪಿನ ನಿಯಮದಲ್ಲಿ ಕಾಡು ಅಂದ್ರೆ ಅರ್ಧ ಹೆಕ್ಟೇರಿಗಿಂತ ದೊಡ್ಡ ಜಾಗ, 5 ಮೀಟರ್‌ಗಿಂತ ಎತ್ತರದ ಮರ, ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಮರದ ಹೊದಿಕೆ. ಈ ಅಳತೆಲಿ ನೋಡಿದ್ರೆ ನಮ್ಮ ಮಲೆನಾಡಿನ ಕಾಫಿ ತೋಟ ಎಲ್ಲಾ ಕಾಡೇ! ನಿಯಮದಲ್ಲೇ ಕೃಷಿಗೆ ಬಳಸೋ ಜಾಗ, ಮರದ ಕೆಳಗೆ ಬೆಳೆ ಬೆಳೆಯೋ ತೋಟ ಕಾಡಲ್ಲ ಅಂತ ಬಿಟ್ಟಿದಾರೆ, ಅದು ಸರಿ. ಆದ್ರೆ ಉಪಗ್ರಹಕ್ಕೆ ಕೆಳಗಿರೋ ಗಿಡ ಕಾಣಲ್ಲ, ಮೇಲಿನ ಹಸಿರು ಅಷ್ಟೇ ಕಾಣೋದು. ಬ್ರೆಜಿಲ್‌ನಲ್ಲಿ ಹೆಚ್ಚಾಗಿ ಬಟಾಬಯಲಲ್ಲಿ ಕಾಫಿ ಸಾಲು ಹಾಕ್ತಾರೆ, ಅಲ್ಲಿ ಮೇಲಿಂದ ನೋಡಿದ್ರೆ ತೋಟ ತೋಟವಾಗೇ ಕಾಣುತ್ತೆ. ನಾವು ಮರ ಉಳಿಸ್ಕೊಂಡು ಬೆಳೆದಿದ್ದಕ್ಕೇ ಅನುಮಾನ ಬರೋ ಹಂಗಾಗಿದೆ. ಪ್ರತಿ ವರ್ಷ ಮಳೆಗೆ ಮುಂಚೆ ಮರಗಸಿ ಮಾಡ್ತೀವಲ್ಲ, ಕೊಂಬೆ ಕಡಿದು ಬೆಳಕು ಬಿಡೋದು, ಅದು ಮಾಡಿದ ವರ್ಷದ ಫೋಟೋ ಇಟ್ಕೊಂಡು ಹಿಂದಿನ ವರ್ಷದ ಫೋಟೋ ಜೊತೆ ಹೋಲಿಸಿದ್ರೆ ಮರ ಕಡಿದಂಗೇ ಕಾಣ್ಬಹುದು. ವ್ಯಾಪಾರಿ ಕಡೆ ಹುಡುಗ ಫೋನ್ ಮಾಡಿ "ಸರ್, ನಿಮ್ಮ ಪಾಲಿಗನ್‌ನಲ್ಲಿ ಒಂದು ಕಡೆ ಗ್ರೀನ್ ಕವರ್ ಕಮ್ಮಿ ಆಗಿದೆ, ಯಾಕೆ" ಅಂತ ಕೇಳಿದಾಗ ದೊಡ್ಡಪ್ಪ ಫೋನ್ ಕಿತ್ಕೊಂಡು, "ಹಾಲುವಾಣ ಕೊಚ್ಚಿದೀವಿ ಕಣಪ್ಪ, ಬಾ ನೋಡು, ಚಿಗುರೈತೆ" ಅಂದ್ರು. ಹಾಲುವಾಣ ಎಷ್ಟು ಕೊಚ್ಚಿದ್ರೂ ಚಿಗುರುತ್ತೆ ಅಂತ ಇಲ್ಲಿ ಮೂರನೇ ಕ್ಲಾಸಿನ ಮಗೂಗೂ ಗೊತ್ತು, ಆ ಹುಡುಗನ ಕಂಪ್ಯೂಟರಿಗೆ ಗೊತ್ತಿರ್ಲಿಲ್ಲ.

ಇಷ್ಟು ಆದಮೇಲೂ ಅಸಲಿ ಗಂಟು ಇನ್ನೂ ಬಿಚ್ಚಿರ್ಲಿಲ್ಲ. ನಾನು ಆ ನಿಯಮ ಕೂತು ಓದಿದೆ. ಅಲ್ಲಿ ಮೂರು ಷರತ್ತು ಇದೆ. ಕಾಡು ಕಡಿದಿರ್ಬಾರದು, ಕಂಪನಿ ಘೋಷಣೆ ಪತ್ರ ಕೊಡ್ಬೇಕು, ಮತ್ತೆ, ಇದು ಮುಖ್ಯ, ಬೆಳೆದ ದೇಶದ ಸ್ವಂತ ಕಾನೂನಿನ ಪ್ರಕಾರ ಬೆಳೆದಿರ್ಬೇಕು, ಜಮೀನಿನ ಹಕ್ಕೂ ಸೇರಿ. ಒಂದು ಜಾಗ ಅಂದ್ರೆ ಏನು ಅನ್ನೋದಕ್ಕೂ ಅವರು ಬರೆದಿರೋದು ಇದೇ, ಬೆಳೆದ ದೇಶದ ಕಾನೂನು ಯಾವುದನ್ನ ಒಂದು ಆಸ್ತಿ ಅಂತ ಒಪ್ಪುತ್ತೋ ಅದರೊಳಗಿನ ನೆಲ. ಅದನ್ನ ಓದಿದಾಗ ನನಗೆ ಒಂಥರಾ ಆಯ್ತು. ಅಂದ್ರೆ ಇಲ್ಲಿ ಬ್ರಸೆಲ್ಸ್, ಅಂದ್ರೆ ಯುರೋಪಿಯನ್ ಒಕ್ಕೂಟ, ಕೇಳ್ತಾ ಇರೋದು ನಮ್ಮದೇ ಕಂದಾಯ ಕಾನೂನು ಏನು ಹೇಳುತ್ತೆ ಅಂತ. ಅದಕ್ಕೆ ನಮ್ಮ ಹತ್ರ ಉತ್ತರ ಇಲ್ಲ.

ಯಾಕಿಲ್ಲ ಅಂತ ಹೇಳ್ತೀನಿ. ದರಖಾಸ್ತಿನ 3 ಎಕರೆ ಇರೋದು ಒಂದು ದೊಡ್ಡ ಗೋಮಾಳದ ಸರ್ವೆ ನಂಬರಿನಲ್ಲಿ. ಅದೇ ನಂಬರಿನಲ್ಲಿ ಇನ್ನೂ ಇಪ್ಪತ್ತು ಮೂವತ್ತು ಜನಕ್ಕೆ ಬೇರೆ ಬೇರೆ ವರ್ಷ ಮಂಜೂರಾಗಿದೆ. ಯಾರ 3 ಎಕರೆ ಯಾವ ಮೂಲೇಲಿ ಅಂತ ಅಳತೆ ಮಾಡಿ, ಟಿಪ್ಪಣಿ ಹಾಕಿ, ಆಕಾರ್‌ಬಂದ್ ಅನ್ನೋ ಸರ್ವೆ ದಾಖಲೆಲಿ ಏರಿಸಿ ಬೇರೆ ನಂಬರ್ ಕೊಡೋದೇ ಪೋಡಿ. ಅದು ಆಗಿಲ್ಲ ಅಂದ್ರೆ ಪಹಣಿಲಿ ಹೆಸರು ಇರುತ್ತೆ, ವಿಸ್ತೀರ್ಣ ಇರುತ್ತೆ, ನೆಲ ಎಲ್ಲಿ ಅಂತ ಇರಲ್ಲ. ಮೊಬೈಲಲ್ಲಿ ಸರ್ಕಾರದ ಸರ್ವೆ ನಕ್ಷೆ ತೋರಿಸೋ ದಿಶಾಂಕ್ ಆ್ಯಪ್ ತೆಗೆದು ಆ ತೋಟದಲ್ಲಿ ನಿಂತ್ರೆ ಅದು ಇಡೀ ಗೋಮಾಳವನ್ನ ಒಂದೇ ಗೆರೆಲಿ ತೋರಿಸುತ್ತೆ. ದೊಡ್ಡಪ್ಪನ ಅಪ್ಪ ಪೋಡಿಗೆ ಅರ್ಜಿ ಹಾಕಿ ತೀರ್ಕೊಂಡ್ರು, ಮಕ್ಕಳು ಎರಡು ಸಲ ಹಾಕಿದ್ರು, ಕಚೇರಿಲಿ ಒಂದ್ಸಲ ಮಂಜೂರಾತಿ ಕಡತ ಸಿಗ್ತಿಲ್ಲ ಅಂದ್ರು, ಇನ್ನೊಂದ್ಸಲ ಸರ್ವೇಯರ್ ಇಲ್ಲ ಅಂದ್ರು. ಯಾವ ಕಚೇರಿ, ಯಾರು ಅಂತ ಬರೆದು ಪ್ರಯೋಜನ ಇಲ್ಲ, ಇದು ಒಬ್ಬರ ತಪ್ಪೂ ಅಲ್ಲ. ಆದ್ರೆ ನನ್ನ ನೋವು ಅದೇ. ಐವತ್ತು ವರ್ಷದ ಹಿಂದೆ ನಮ್ಮದೇ ಸರ್ಕಾರ ತನ್ನ ಪ್ರಜೆಗೆ ಕೊಟ್ಟ 3 ಎಕರೆ ಎಲ್ಲಿದೆ ಅಂತ ನಮ್ಮ ಸರ್ಕಾರಿ ನಕ್ಷೆಲಿ ಇಲ್ಲ. ಪರದೇಶದವರ ಆ್ಯಪಿಗೆ ಅದನ್ನ ಮೊದಲು ಬರ್ಕೊಡೋ ಪರಿಸ್ಥಿತಿ ಬಂತು.

ಕಣದ ವಿಷಯಾನೂ ಇಲ್ಲೇ ಸೇರುತ್ತೆ. ಮೂರೂ ಕಡೆಯ ಹಣ್ಣು ಬಂದು ಬೀಳೋದು ಒಂದೇ ಕಣಕ್ಕೆ, ಒಂದೇ ರಾಶಿ, ಒಂದೇ ಮೂಟೆ. ಯುರೋಪಿನ ನಿಯಮದಲ್ಲಿ ಬೆರಕೆಗೆ ಅವಕಾಶ ಇಲ್ಲ. ಲಾಟಿನಲ್ಲಿ ಒಂದು ಜಾಗ ನಿಯಮಕ್ಕೆ ಹೊಂದಲ್ಲ ಅಂದ್ರೆ ಅದರ ಕಾಫಿ ಬೇರೆ ತೆಗೀಬೇಕು, ತೆಗೆಯೋಕೆ ಆಗದ ಹಂಗೆ ಬೆರೆತಿದ್ರೆ ಇಡೀ ಲಾಟೇ ಹೋಯ್ತು. ಅಂದ್ರೆ ಆ 1 ಎಕರೆ 10 ಗುಂಟೆ ಒತ್ತುವರಿಯ ಹಣ್ಣು ಉಳಿದ 10 ಎಕರೆ 10 ಗುಂಟೆಯ ಹಣ್ಣನ್ನೂ ಕೆಡಿಸುತ್ತೆ. ಮಲೆನಾಡಿನ ಒತ್ತುವರಿ ಬಗ್ಗೆ ಒಂದೊಂದು ಕಡೆಯವರು ಒಂದೊಂದು ಹೇಳ್ತಾರೆ, ನಾನು ಇಲ್ಲಿ ಅದಕ್ಕೆ ಹೋಗಲ್ಲ. ಸರ್ಕಾರ ಈಚೆಗೆ ಕಾಯ್ದೆ ತಿದ್ದಿ 2005ಕ್ಕೆ ಮುಂಚೆಯಿಂದ ಪ್ಲಾಂಟೇಶನ್ ಮಾಡಿರೋ ಸರ್ಕಾರಿ ಜಾಗವನ್ನ 25 ಎಕರೆವರೆಗೆ 30 ವರ್ಷ ಲೀಸಿಗೆ ಕೊಡೋಕೆ ದಾರಿ ಮಾಡಿದೆ, ಆದ್ರೆ ದಾರಿ ಇರೋದಕ್ಕೂ ಕೈಗೆ ಕಾಗದ ಬರೋದಕ್ಕೂ ಎಷ್ಟು ದೂರ ಅಂತ ಇಲ್ಲಿನವರಿಗೆ ಹೇಳೋದೇನೂ ಬೇಡ.

ಈ ಹೊತ್ತಿಗೆ ಅಣ್ಣತಮ್ಮ ಮಾತಾಡೋದು ಬಿಟ್ಟಿದ್ರು. ದೊಡ್ಡಪ್ಪ ಹೇಳೋದು, ಒತ್ತುವರಿ ಜಾಗದ ಲೊಕೇಶನ್ ಕೊಟ್ರೆ ನಾಳೆ ಅದೇ ಫೋಟೋ ಇಟ್ಕೊಂಡು ಬಂದು ಬಿಡಿಸ್ತಾರೆ, ಅದು ಆತ್ಮಹತ್ಯೆ. ಆ ಭಯ ಸುಳ್ಳಲ್ಲ, ಒಮ್ಮೆ ಕೊಟ್ಟ ಗಡಿ ಯಾರ ಕಂಪ್ಯೂಟರಿಗೆ ಹೋಗುತ್ತೆ, ಯಾರು ನೋಡ್ತಾರೆ ಅಂತ ಬೆಳೆಗಾರನಿಗೆ ಯಾರೂ ಹೇಳಲ್ಲ. ಚಿಕ್ಕಪ್ಪ ಹೇಳೋದು, ಕೊಡದೇ ಇದ್ರೆ ಪೂರ್ತಿ ಮಾಲು ಲೋಕಲ್ ರೇಟಿಗೆ ಹೋಗುತ್ತೆ, ಮಗಳ ಮದುವೆ ಸಾಲ ತೀರ್ಸೋದು ಹೆಂಗೆ. ಹಬ್ಬಕ್ಕೆ ಕೂಡ ಒಟ್ಟಿಗೆ ಊಟ ಮಾಡಲಿಲ್ಲ. ನಾನು ಎರಡೂ ಮನೆಗೆ ಹೋಗಿ ಬರ್ತಿದ್ದೆ, ಇಬ್ಬರೂ ಕಾಫಿ ಕೊಟ್ಟು "ಅವನಿಗೆ ಹೇಳು" "ಅಣ್ಣನಿಗೆ ಹೇಳು" ಅಂತ ಕಳಿಸ್ತಿದ್ರು.

ಬಗೆಹರಿದಿದ್ದು ದೊಡ್ಡಮ್ಮನಿಂದ. ಅವರು ಹೇಳಿದ್ದು ತುಂಬಾ ಸರಳ. ಮೂರು ಕಾಗದ ಇದೆಯಲ್ಲ, ಮೂರು ರಾಶಿ ಮಾಡಿ. ಹಿಡುವಳಿದು ಒಂದು, ದರಖಾಸ್ತಿಂದು ಒಂದು, ಆ ಒಂದೆಕರೆ ಚಿಲ್ಲರೇದು ಬೇರೆ. ಕೊನೇದನ್ನ ಇಲ್ಲೇ ಪೇಟೆಲಿ ಪುಡಿ ಮಾಡೋರಿಗೆ ಕೊಡಿ, ಅದರ ಲೊಕೇಶನ್ ಯಾರಿಗೂ ಕೊಡಬೇಡಿ, ಸುಳ್ಳೂ ಹೇಳಬೇಡಿ. ಕೆಲಸ ಜಾಸ್ತಿ, ಕುಯ್ಯೋರಿಗೆ ಹೇಳಿ ಒಪ್ಪಿಸ್ಬೇಕು, ಆದ್ರೆ ಆಗದೇ ಇರೋದಲ್ಲ. ಹಿಂಗೆ ಮಾಡಿದಾಗ ಇನ್ನೊಂದು ಅನುಕೂಲಾನೂ ಆಯ್ತು. ಎಲ್ಲಾ ಒಂದೇ ಅಂತ 11 ಎಕರೆ 20 ಗುಂಟೆ ತೋರಿಸಿದ್ರೆ 4 ಹೆಕ್ಟೇರ್ ದಾಟುತ್ತೆ, ಗಡಿ ಪೂರ್ತಿ ಬೇಕು, ಬೇರೆ ಬೇರೆ ಆಸ್ತಿ ಅಂತ ತೋರಿಸಿದ್ರೆ ಒಂದೊಂದಕ್ಕೂ ಒಂದು ಚುಕ್ಕೆ ಸಾಕು. ಪಕ್ಕದವರ ಜೊತೆ ಗಡಿ ಜಗಳಾನೂ ಅಲ್ಲಿಗೆ ತಣ್ಣಗಾಯ್ತು. ವ್ಯಾಪಾರಿ ಸುಮ್ನೆ ಎಲ್ಲರಿಗೂ ಪಾಲಿಗನ್ ಕೇಳಿದ್ರು, ನಿಯಮ ಓದಿದ್ರೆ 4 ಹೆಕ್ಟೇರ್ ಒಳಗಿನ ಸಣ್ಣ ಬೆಳೆಗಾರರಿಗೆ ಅದು ಬೇಕಾಗಿರ್ಲಿಲ್ಲ. ದೇಶದಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಕಾಫಿ ಹಿಡುವಳಿ 25 ಎಕರೆ ಒಳಗಿನ ಸಣ್ಣವು, ಅವರಲ್ಲಿ ಎಷ್ಟು ಮನೇಲಿ ಹಿಂಗೇ ಗೊತ್ತಿಲ್ಲದೆ ರಂಪ ಆಗಿದೆಯೋ ಅಂತ ಯೋಚಿಸಿದ್ರೆ ಬೇಜಾರಾಗುತ್ತೆ.

ಅಷ್ಟರಲ್ಲಿ 2024ರ ಡಿಸೆಂಬರ್ ಬಂತು, ಯುರೋಪಿನವರು ನಿಯಮವನ್ನ ಒಂದು ವರ್ಷ ಮುಂದಕ್ಕೆ ಹಾಕಿದ್ರು, 2025ರ ಡಿಸೆಂಬರ್ 30ಕ್ಕೆ. ದೊಡ್ಡಪ್ಪ ನನ್ನ ಕರೆದು "ನೋಡಿದ್ಯಾ" ಅಂದ್ರು, ಅಷ್ಟೇ, ಜಾಸ್ತಿ ಹೇಳಲಿಲ್ಲ. ಆ ವರ್ಷ ಕಾಫಿ ರೇಟ್ ಯಾರೂ ಕಂಡಿರದ ಮಟ್ಟಕ್ಕೆ ಹೋಗಿತ್ತು, 2024ರಲ್ಲೇ ರೋಬಸ್ಟಾ ಚೆರಿ (ಹಣ್ಣನ್ನ ಹಂಗೇ ಒಣಗಿಸಿದ್ದು) 50 ಕೆಜಿ ಮೂಟೆ 10 ಸಾವಿರ ರೂಪಾಯಿ ಮುಟ್ಟಿತ್ತು. ವಿಯೆಟ್ನಾಂನಲ್ಲಿ ಬರ, ಬ್ರೆಜಿಲ್‌ನಲ್ಲಿ ಬರ, ಕೆಂಪು ಸಮುದ್ರದಲ್ಲಿ ಹಡಗಿನ ಮೇಲೆ ದಾಳಿ ಆಗಿ ಮಂಗಳೂರಿಂದ ಇಟಲಿಗೆ ಹೋಗೋ ಮಾಲು ಆಫ್ರಿಕಾ ಸುತ್ಕೊಂಡು ಹೋಗೋ ಹಂಗಾಗಿತ್ತು. ವ್ಯಾಪಾರಿ ಯಾವ ಚುಕ್ಕೆನೂ ಕೇಳದೆ ಮಾಲು ಎತ್ತಿಸ್ಕೊಂಡು ಹೋದ್ರು. ಇದರಿಂದ ನನಗೆ ಅನಿಸಿದ್ದು, ಈ ಮನೆಯ ಗೌರವ, ಹಕ್ಕು, ಕಾಗದ ಯಾವುದೂ ಆ ವರ್ಷ ಲೆಕ್ಕಕ್ಕೆ ಬರಲಿಲ್ಲ, ಬೇಕಾಗಿದ್ದು ಕಾಫಿ ಒಂದೇ. ಮುಂದಿನ ವರ್ಷ ರೇಟ್ ಬಿದ್ದಾಗ ಅದೇ ಕಾಗದ ಇಟ್ಕೊಂಡು ಬೆಲೆ ಕಡಿಮೆ ಮಾಡ್ತಾರೆ. 2025ರ ಆಗಸ್ಟಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ ನೂರಕ್ಕೆ 50 ಸುಂಕ ಹಾಕಿ, ನವೆಂಬರಲ್ಲಿ ಕಾಫಿ, ಟೀ, ಮಸಾಲೆ ಥರದ ಕೆಲವು ಪದಾರ್ಥಕ್ಕೆ ವಿನಾಯ್ತಿ ಕೊಡ್ತಲ್ಲ, ಅದೂ ಹಂಗೇ, ಅವರ ಊರಲ್ಲಿ ಕಾಫಿ ದುಬಾರಿ ಆಯ್ತು ಅಂತ ತೆಗೆದಿದ್ದು, ನಮ್ಮ ಮುಖ ನೋಡಿ ಅಲ್ಲ.

2025ರ ಮೇ ತಿಂಗಳಲ್ಲಿ ಯುರೋಪ್ ದೇಶಗಳ ಪಟ್ಟಿ ಬಿಡ್ತು, ಭಾರತ ಕಡಿಮೆ ಅಪಾಯದ ದೇಶ ಅಂತ ಬಂತು. ಹೆಚ್ಚು ಅಪಾಯ ಅಂತ ಹಾಕಿದ್ದು ನಾಲ್ಕೇ ದೇಶ: ರಷ್ಯಾ, ಬೆಲಾರುಸ್, ಉತ್ತರ ಕೊರಿಯಾ, ಮ್ಯಾನ್ಮಾರ್. ಕಡಿಮೆ ಅಪಾಯ ಅಂದ್ರೆ ಅವರ ಅಧಿಕಾರಿಗಳು ಅಲ್ಲಿನ ಕಂಪನಿಗಳಲ್ಲಿ ನೂರಕ್ಕೆ ಒಂದನ್ನ ತಪಾಸಣೆ ಮಾಡಿದ್ರೆ ಸಾಕು. ಒಳ್ಳೇದೇ ಆಯ್ತು, ಆದ್ರೆ ಜಾಗದ ಗುರುತು ಕೊಡೋದು ತಪ್ಪಲಿಲ್ಲ. ಕಾಫಿ ಬೋರ್ಡು ಇಂಡಿಯಾ ಕಾಫಿ ಅನ್ನೋ ಆ್ಯಪಲ್ಲಿ ಬೆಳೆಗಾರರ ನೋಂದಣಿ ಶುರು ಮಾಡ್ತು. ಇದು ನನಗೆ ನಿಜವಾಗ್ಲೂ ಇಷ್ಟ ಆಗಿದ್ದು. ಖಾಸಗಿಯವರ ಆ್ಯಪಿಗೆ ಬರ್ಕೊಡೋದಕ್ಕಿಂತ ನಮ್ಮದೇ ಸರ್ಕಾರಿ ಸಂಸ್ಥೆಗೆ ಕೊಟ್ಟು, ಅವರು ಹೊರಗಿನವರಿಗೆ ಉತ್ತರ ಹೇಳೋದು ಎಷ್ಟೋ ಮೇಲು. ದೊಡ್ಡಪ್ಪ ಕೂಡ ಬೋರ್ಡ್ ಅಂದಮೇಲೆ ಸ್ವಲ್ಪ ಮೆತ್ತಗಾದ್ರು, ಪೂಲ್ ಕಾಲದಲ್ಲಿ ಅದೇ ಬೋರ್ಡಿನ ವಿರುದ್ಧ ಘೋಷಣೆ ಕೂಗಿದವರು.

ಬ್ರೆಜಿಲ್ ಉದಾಹರಣೆ ಇಲ್ಲಿ ಹೇಳ್ಲೇಬೇಕು. ಅಲ್ಲಿ 2012ರ ಅರಣ್ಯ ಕಾಯ್ದೆಲೇ ಪ್ರತಿ ಗ್ರಾಮೀಣ ಆಸ್ತಿಯ ಗಡಿಯನ್ನ ಸರ್ಕಾರದ ದಾಖಲೆಗೆ ಹಾಕ್ಬೇಕು ಅಂತ ಮಾಡಿದ್ರು. ರೈತನೇ ಬರೆದು ಕೊಡೋದು, ಸರ್ಕಾರ ಆಮೇಲೆ ಪರಿಶೀಲನೆ ಮಾಡೋದು, ಅದರಲ್ಲೂ ತಪ್ಪು ಸಾಕಷ್ಟಿದೆ. ಆದ್ರೂ ಯುರೋಪ್ ಬಂದು ನಿಮ್ಮ ತೋಟ ಎಲ್ಲಿದೆ ಅಂತ ಕೇಳಿದಾಗ ಅವರ ಹತ್ರ ತಮ್ಮದೇ ಲೆಕ್ಕ ಇತ್ತು, ಅದನ್ನ ಮುಂದಿಟ್ಟು ವಾದ ಮಾಡ್ಬಹುದಿತ್ತು. ಸಾರ್ವಭೌಮತ್ವ ಅಂದ್ರೆ ನನಗೆ ಈ ಪ್ರಕರಣದಿಂದ ಗೊತ್ತಾಗಿದ್ದು ಇಷ್ಟೇ, ನಮ್ಮ ನೆಲದ ಲೆಕ್ಕ ನಮ್ಮ ಹತ್ರ ಇರ್ಬೇಕು. ಗಡಿಲಿ ಸೈನಿಕ ನಿಲ್ಲೋದು ಎಷ್ಟು ಮುಖ್ಯಾನೋ ಗೋಮಾಳದಲ್ಲಿ ಸರ್ವೇಯರ್ ಬಂದು ನಿಲ್ಲೋದೂ ಅಷ್ಟೇ ಮುಖ್ಯ. ಪೋಡಿ ಆಗದ ದೇಶದ ಪರವಾಗಿ ಯಾವ ಮಂತ್ರಿ ಹೋಗಿ ಎಷ್ಟು ಗಟ್ಟಿಯಾಗಿ ಮಾತಾಡಿದ್ರೂ, ಎದುರಿನವನು ನಕ್ಷೆ ತೋರಿಸಿ ಅಂದ ತಕ್ಷಣ ಮಾತು ನಿಲ್ಲುತ್ತೆ.

ಮನೆ ಕಥೆಗೆ ಬರ್ತೀನಿ. ಚಿಕ್ಕಪ್ಪ ಮೊದಲು ಪೌತಿ ಖಾತೆ ಮಾಡಿಸಿದ್ರು, ವಂಶವೃಕ್ಷ, ಮರಣ ಪತ್ರ ಎಲ್ಲಾ ಕೊಟ್ಟು, ಅದು ಬೇಗ ಆಯ್ತು. ಪೋಡಿಗೆ ಮೂರನೇ ಸಲ ಅರ್ಜಿ ಹಾಕಿದ್ರು. ಈಗ ಒಂದೆರಡು ವರ್ಷದಿಂದ ಸರ್ಕಾರ ದರಖಾಸ್ತು ಪೋಡಿಯನ್ನ ಅಭಿಯಾನ ಥರ ಎತ್ಕೊಂಡಿದೆ, ಅದರ ಪುಣ್ಯಕ್ಕೆ ಕಡತ ಸಿಕ್ತು. 2025ರ ನವೆಂಬರಲ್ಲಿ ಸರ್ವೇಯರ್ ಬಂದ್ರು, ರೋವರ್ ಅನ್ನೋ ಅಳತೆ ಯಂತ್ರ ಹಿಡ್ಕೊಂಡು. ಆ್ಯಪ್ ಹಿಡ್ಕೊಂಡು ನಡೆಯೋಕೆ ಒಪ್ಪದ ದೊಡ್ಡಪ್ಪ ಅವತ್ತು ಬೆಳಿಗ್ಗೆ ಆರಕ್ಕೇ ಎದ್ದು ಸ್ನಾನ ಮಾಡಿ ಬಂದಿದ್ರು. ಮುಂದೆ ಮುಂದೆ ಅವರೇ ನಡೆದಿದ್ದು, ಇದು ಅಪ್ಪ ನೆಟ್ಟ ಹಲಸು, ಇಲ್ಲಿಂದ ಹಳ್ಳದವರೆಗೆ, ಅಲ್ಲಿ ಹಳೇ ಅಗಳು ಇತ್ತು ಮುಚ್ಚಿಹೋಗಿದೆ ಅಂತ ಒಂದೊಂದೇ ತೋರಿಸ್ತಾ. ಪಕ್ಕದ ಮನೆಯವರನ್ನೂ ಕರೆಸಿದ್ರು, ಬೈನೆ ಮರದ ಹತ್ರ ಇಬ್ಬರೂ ನಿಂತು ಒಪ್ಪಿದಮೇಲೆ ಕಲ್ಲು ಹಾಕಿದ್ದು. ಸ್ಕೆಚ್ ಕೈಗೆ ಬಂದಾಗ ದೊಡ್ಡಪ್ಪ ಅದನ್ನ ತುಂಬಾ ಹೊತ್ತು ನೋಡಿದ್ರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ್ರು.

ಅದೇ ಡಿಸೆಂಬರಲ್ಲಿ ಯುರೋಪ್ ಎರಡನೇ ಸಲ ನಿಯಮ ಮುಂದೂಡ್ತು. ಈಗ ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವಕ್ಕೆ 2027ರ ಜೂನ್ 30. ಈ ಸಲ ದೊಡ್ಡಪ್ಪ "ನೋಡಿದ್ಯಾ" ಅನ್ನಲಿಲ್ಲ. "ಮುಂದಕ್ ಹಾಕಿದ್ರೆ ಹಾಕ್ಲಿ, ನಂದಂತೂ ಆಯ್ತು" ಅಂದ್ರು.

ಒಂದು ವಿಷಯ ಮಾತ್ರ ನನಗೆ ಇನ್ನೂ ಕೊರೆಯುತ್ತೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಗೆ, ಬಾಬಾಬುಡನ್‌ಗಿರಿ ಅರೇಬಿಕಾಗೆ ಜಿಐ ಟ್ಯಾಗ್ ಸಿಕ್ತು, ಊರಿನ ಹೆಸರಲ್ಲಿ ಕಾಫಿ ಗುರುತಿಸೋ ಹಂಗೆ ಆಯ್ತು. ಹಾಸನದ ರೋಬಸ್ಟಾಗೆ ಅಂಥ ಹೆಸರಿಲ್ಲ. ಅದು ಇಟಲಿಗೆ ಹೋಗಿ ಎಸ್ಪ್ರೆಸೋ ಬ್ಲೆಂಡಿನಲ್ಲಿ ಕರಗಿಹೋಗುತ್ತೆ, ಕುಡಿಯೋನಿಗೆ ಹಾಸನ ಅಂದ್ರೆ ಏನು ಅಂತಾನೂ ಗೊತ್ತಿರಲ್ಲ. ಆದ್ರೆ ಅದೇ ಕಾಫಿ ಬೆಳೆದ ಜಾಗ 12 ಡಿಗ್ರಿ ಚಿಲ್ಲರೆ, 75 ಡಿಗ್ರಿ ಚಿಲ್ಲರೆ ಅಂತ ಆರು ಅಂಕಿವರೆಗೆ ಅಲ್ಲಿನ ಕಂಪ್ಯೂಟರಿಗೆ ಗೊತ್ತಿರ್ಬೇಕಂತೆ. ಅಷ್ಟು ನಿಖರವಾಗಿ ನಮ್ಮ ಜಾಗ ಕೇಳೋರು ಪೊಟ್ಟಣದ ಮೇಲೆ ನಮ್ಮ ಜಿಲ್ಲೆ ಹೆಸರೂ ಹಾಕ್ಲಿ ಅಂತ ನಮ್ಮವರು ಮಾತುಕತೆ ಮೇಜಿನ ಮೇಲೆ ಕೇಳ್ಬೇಕು ಅಂತ ನನಗನ್ಸುತ್ತೆ.

2026ರ ಜನವರಿ ಕುಯ್ಲಿಗೆ ನಾನು ಹೋಗಿದ್ದೆ. ಕಣದಲ್ಲಿ ಮೂರು ರಾಶಿ, ಮಧ್ಯೆ ಸಿಲ್ವರ್ ಮರದ ಗಳ ಅಡ್ಡ ಇಟ್ಟಿದ್ರು, ಕುಯ್ಯೋ ಹೆಂಗಸರಿಗೂ ಅಭ್ಯಾಸ ಆಗಿಹೋಗಿದೆ, ಯಾವ ಕಡೆದು ಅಂತ ಕೇಳಿಯೇ ಸುರೀತಾರೆ. ಅಣ್ಣತಮ್ಮ ಇಬ್ಬರೂ ಕಣದ ಮೂಲೇಲಿ ಕೂತು ಮೂಟೆ ಮೇಲೆ ಬಣ್ಣದಲ್ಲಿ ಗುರುತು ಹಾಕ್ತಾ ಇದ್ರು, ಹಿಡುವಳಿ ಮೂಟೆಗೆ ಅದರ ಸರ್ವೆ ನಂಬರ್, ದರಖಾಸ್ತಿನ ಮೂಟೆಗೆ ಪೋಡಿ ಆಗಿ ಬಂದ ಹೊಸ ನಂಬರ್. ನಾನು ಬ್ರಷ್ ಇಸ್ಕೊಂಡು ಮೂರನೇ ರಾಶಿ ಹತ್ರ ಹೋಗಿ, ಇದಕ್ಕೇನು ಬರೀಲಿ ದೊಡ್ಡಪ್ಪ ಅಂತ ಕೇಳಿದೆ.

ಅವರು ಸ್ವಲ್ಪ ಹೊತ್ತು ಆ ರಾಶಿ ನೋಡಿ, "ಫಾರಂ 57ರ ಅರ್ಜಿ ನಂಬರ್ ಬರಿ" ಅಂದ್ರು.